ಇಂದಿನ ಧಮ್ಮ ಚಿಂತನೆ: ದಾರಿಯಲ್ಲಿ ಸಿಕ್ಕಿಕೊಂಡವರು



ಸುಮಾರು 1901ನೇ ಇಸವಿ. ಬೇರೆ ಊರಿನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ಕಾಣಲು ಸಾತಾರದಿಂದ ಹೊರಟ ಬಾಲಕ ಭೀಮರಾವ್, ಅಣ್ಣ ಹಾಗೂ ಜೊತೆಯ ಮಕ್ಕಳು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಮಹಾರ್ ಮಕ್ಕಳೆಂದು ತಿಳಿದೊಡನೆ ಗಾಡಿಯವರು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಇಮ್ಮಡಿ ಬಾಡಿಗೆಗೆ ಒಪ್ಪಿದ. ಗಾಡಿ ಹೊಡೆದವರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದ. ಬುತ್ತಿಯಿತ್ತು, ಕುಡಿಯುವ ನೀರು ಸಿಗಲಿಲ್ಲ. ಹಸಿದೇ ಮಲಗಿದರು.

ಆ ದಾರಿಯನ್ನು ಬಾಬಾಸಾಹೇಬರು ಮರೆಯಲಿಲ್ಲ. ಅವರ ಅನುಯಾಯಿಗಳಾದ ನಾವು ಕೆಟ್ಟು ನಿಂತ ವಾಹನವನ್ನು ಕಂಡೂ ಕಾಣದಂತೆ ಹೋಗಬಹುದೇ?

ಕತ್ತಲೆ, ನಿರ್ಜನ ರಸ್ತೆ, ಮೋಸದ ಭಯ ಸುಳ್ಳಲ್ಲ. ಆದ್ದರಿಂದಲೇ ಧಮ್ಮದಲ್ಲಿ ಕರುಣೆಯ ಜೊತೆಗೆ ಪ್ರಜ್ಞೆಯೂ ಇದೆ.

🔹 ಒಬ್ಬರೇ ಇದ್ದು ಸಂಶಯ ಬಂದರೆ ಇಳಿಯಬೇಡಿ. ಮುಂದೆ ಜನರಿರುವ ಕಡೆ ನಿಲ್ಲಿಸಿ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ.

🔹 ನಿಲ್ಲುವುದಾದರೆ ರಸ್ತೆ ಬಿಟ್ಟು ಬದಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಮನೆಯವರಿಗೆ ಲೊಕೇಶನ್ ಕಳಿಸಿ. ಎರಡು ವಾಹನಗಳ ನಡುವೆ ನಿಲ್ಲಬೇಡಿ.

🔹 ಗಾಯಾಳುವಿದ್ದರೆ 108. ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ. ಪೊಲೀಸರ ಭಯ ಬೇಡ.

ಇಳಿದು ಹೋಗಲಾಗದಿದ್ದರೂ ಒಂದು ಫೋನ್ ಕರೆ ಸಾಧ್ಯ. ಅದೂ ಮೈತ್ರಿಯೇ. ನಿಂತವರ ಜಾತಿ, ಧರ್ಮ ಕೇಳದೆ ಮಾಡುವ ಕರೆ ಅದು. ಮಸೂರಿನಲ್ಲಿ ಆ ಮಕ್ಕಳಿಗೆ ಸಿಗದೆ ಹೋದದ್ದು ಇದೇ.

ಇಂದು ನಿಮ್ಮ ಫೋನಿನಲ್ಲಿ ಈ ಮೂರು ಸಂಖ್ಯೆಗಳನ್ನು ಉಳಿಸಿಕೊಳ್ಳಿ.

ಭವತು ಸಬ್ಬ ಮಂಗಲಂ 🙏