ಪರಸ್ಥಳದಲ್ಲಿ ಹತ್ತು ದಿನ: ಮಾಟುಂಗಾದಲ್ಲಿ ನೆಲೆಯಾಗುವ ಕ್ರಮ

ಚಿಕಿತ್ಸೆಗೆಂದೋ, ಮಕ್ಕಳ ಪರೀಕ್ಷೆಗೆಂದೋ, ಕಚೇರಿಯ ಕಾರ್ಯನಿಮಿತ್ತವಾಗಿಯೋ ಮುಂಬಯಿಗೆ ಹೋಗಿ ಹತ್ತು ಹದಿನೈದು ದಿನ ತಂಗಬೇಕಾಗಿ ಬರುವ ನಮ್ಮವರು, ಆ ನಗರದ ವೈಶಾಲ್ಯಕ್ಕೆ ಬೆದರಿ, ಬಾಡಿಗೆಯ ಕೋಣೆಯೊಳಗೇ ದಿನಗಳನ್ನು ನೂಕುವುದುಂಟು. ಇಡೀ ಮುಂಬಯಿ ಯಾರಿಗೂ ವಶವಾಗುವ ಊರಲ್ಲವಾದರೂ, ಅದರ ಒಂದು ಬಡಾವಣೆಯು ಕ್ರಮವರಿತು ನಡೆದವರಿಗೆ ವಾರದೊಳಗೆ ಪರಿಚಿತವಾಗಬಲ್ಲುದು. ಪರೇಲಿನ ಆಸ್ಪತ್ರೆಯಲ್ಲಿದ್ದ ಬಂಧುವೊಬ್ಬರ ಶುಶ್ರೂಷೆಗಾಗಿ ಮಾಟುಂಗಾದಲ್ಲಿ ಮೂರು ವಾರವಿದ್ದಾಗ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ನಿವೇದಿಸುತ್ತೇನೆ.

೧. ನಿಲ್ದಾಣವನ್ನು ಗೊತ್ತುಮಾಡಿಕೊಳ್ಳಿ
ಈ ಬಡಾವಣೆಗೆ ಮೂರು ರೈಲುನಿಲ್ದಾಣಗಳುಂಟು: ಮಧ್ಯ ರೈಲ್ವೆಯ ಮಾಟುಂಗಾ, ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್. ಕೋಣೆಯು ಯಾವುದಕ್ಕೆ ಸಮೀಪವೆಂಬುದನ್ನು ಮುಂಗಡ ಕೊಡುವ ಮುನ್ನವೇ ಕೇಳತಕ್ಕದ್ದು. ಮಧ್ಯ ರೈಲ್ವೆಯ ಫಾಸ್ಟ್ ಲೋಕಲುಗಳು ಮಾಟುಂಗಾದಲ್ಲಿ ನಿಲ್ಲವಾದ್ದರಿಂದ, ದಾದರಿನಲ್ಲಿಳಿದು ಸ್ಲೋ ಗಾಡಿ ಹಿಡಿಯಬೇಕು. ಮಳೆಗಾಲವಾದರೆ, ಗಾಂಧಿ ಮಾರ್ಕೆಟ್ಟಿನ ತಗ್ಗಿನಲ್ಲಿ ನೀರು ನಿಲ್ಲುವುದೆಂಬುದನ್ನೂ ನೆನಪಿಡಿ.

೨. ಮೊದಲ ಸಂಜೆ ನಡೆಯಿರಿ
1896ರ ಪ್ಲೇಗಿನ ತರುವಾಯ, 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟ್, ಗಾಳಿ ಬೆಳಕುಗಳಿಗೆ ಅವಕಾಶವಿಟ್ಟು ಯೋಜಿಸಿದ ಪ್ರದೇಶವಿದು. ಆದಕಾರಣ ಮರಗಳ ನೆರಳಿನ ಅಗಲವಾದ ಬೀದಿಗಳಲ್ಲಿ ಹೊಸಬರೂ ದಾರಿ ತಪ್ಪುವುದು ಕಡಿಮೆ. ವೃತ್ತಾಕಾರದ ಮಹೇಶ್ವರಿ ಉದ್ಯಾನವನ್ನು ಕೇಂದ್ರವಾಗಿಟ್ಟುಕೊಂಡು, ದಿನಕ್ಕೊಂದು ರಸ್ತೆಯಲ್ಲಿ ಹೋಗಿ ಅಲ್ಲಿಗೇ ಮರಳಿರಿ. ಮನಸ್ಸು ಭಾರವಾದ ದಿನ ಫೈವ್ ಗಾರ್ಡನ್ಸ್‌ನ ಕಡೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತುಬರಬಹುದು.

೩. ಊಟಕ್ಕೆ ಒಂದೇ ಮನೆ ಹಿಡಿಯಿರಿ
ರೈಲುನಿಲ್ದಾಣದ ಬಳಿ 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆಯ ಊಟವುಂಟು. 1940ರ ಕೆಫೆ ಮದ್ರಾಸಿನಲ್ಲಿ ದೋಸೆಯುಂಟು, ಭಾನುವಾರವಾದರೆ ಹೆಸರು ಬರೆಸಿ ಕಾಯುವ ಯೋಗವೂ ಉಂಟು. ಎಲ್ಲವನ್ನೂ ರುಚಿ ನೋಡುವ ಚಪಲವನ್ನು ಎರಡು ದಿನಕ್ಕೆ ಮುಗಿಸಿ, ಆಮೇಲೆ ಒಂದೇ ಕಡೆ, ಒಂದೇ ಹೊತ್ತಿಗೆ ಹೋಗುವುದು ಮೇಲು. ಏಕೆಂದರೆ ಎಲ್ಲ ಕಡೆಯೂ ಒಮ್ಮೊಮ್ಮೆ ಕಂಡ ಮುಖವನ್ನು ಯಾರೂ ನೆನಪಿಡುವುದಿಲ್ಲ.

೪. ಕನ್ನಡವನ್ನು ಹುಡುಕಿ, ಮರಾಠಿಯನ್ನು ಕಲಿಯಿರಿ
1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿಯೇ ಇದೆ. ಅಲ್ಲಿ ಆಗಾಗ ನಡೆಯುವ ಕಾರ್ಯಕ್ರಮಗಳನ್ನು ವಿಚಾರಿಸಿದರೆ ಒಂದು ಸಂಜೆ ತಾಯ್ನುಡಿಯಲ್ಲಿ ಕಳೆದೀತು. ಆದರೆ ಬೀದಿಯ ಭಾಷೆ ಬೇರೆ. ತರಕಾರಿಯವಳನ್ನು ‘ಮಾವಶೀ’ (ಚಿಕ್ಕಮ್ಮ) ಎಂದೂ, ಟ್ಯಾಕ್ಸಿಯವರನ್ನು ‘ಭಾವೂ’ (ಅಣ್ಣ) ಎಂದೂ ಕರೆಯಿರಿ. ಕರೆದವರ ಉಚ್ಚಾರ ಎಷ್ಟೇ ವಕ್ರವಾಗಿದ್ದರೂ ಆ ಸಂಬೋಧನೆಗೆ ಬೆಲೆಯುಂಟು.

೫. ಚಿಲ್ಲರೆಗೆ ಅವಸರಪಡಬೇಡಿ
ಐದನೆಯ ದಿನ, ಕರಿಬೇವು ನುಗ್ಗೆಕಾಯಿಗಳನ್ನು ಚೀಲಕ್ಕೆ ಹಾಕಿದ ಮಾವಶಿಯು, ಗೋಣಿತಟ್ಟಿನ ಅಡಿಯಲ್ಲಿಯೂ ಸೊಂಟದ ಸಂಚಿಯಲ್ಲಿಯೂ ತಡಕಾಡಿ, ಎರಡು ರೂಪಾಯಿ ಸಿಕ್ಕದೆ, ‘ಉದ್ಯಾ’ ಎಂದಳು, ಎಂದರೆ, ನಾಳೆ. ಮೊದಲ ದಿನ ಅದೇ ಎರಡು ರೂಪಾಯಿಗೆ ಬದಲಾಗಿ ಆಕೆ ಒಂದು ಕಟ್ಟು ಕೊತ್ತಂಬರಿಯನ್ನು ತುರುಕಿ ಲೆಕ್ಕ ಚುಕ್ತಾ ಮಾಡಿದ್ದಳು. ನಾಳೆಯೂ ಈತ ಬರುವನೆಂಬ ಭರವಸೆಯಿದ್ದವರಿಗೆ ಮಾತ್ರ ಬಾಕಿ ಉಳಿಸುವುದು ವ್ಯಾಪಾರದ ಧರ್ಮವಾದುದರಿಂದ, ಆ ಎರಡು ರೂಪಾಯಿಯನ್ನು ನಾನು ನಷ್ಟವೆಂದು ಎಣಿಸಲಿಲ್ಲ.

೬. ಹೇಳಿ ಹೊರಡಿ
ಹೊರಡುವ ಹಿಂದಿನ ದಿನ ಹಾಲು, ಪತ್ರಿಕೆ, ಇಸ್ತ್ರಿಯವರ ಬಾಕಿಗಳನ್ನು ತೀರಿಸಿ, ಪ್ರತಿಯೊಬ್ಬರಿಗೂ ಹೇಳಿಹೋಗಬೇಕು. ನಾವು ‘ಹೋಗುತ್ತೇನೆ’ ಎನ್ನದೆ ‘ಹೋಗಿಬರುತ್ತೇನೆ’ ಎನ್ನುವಂತೆಯೇ, ಮರಾಠಿಯ ಗಂಡಸರು ಹೊರಡುವಾಗ ‘ಯೇತೋ’, ಹೆಂಗಸರು ‘ಯೇತೇ’ ಎನ್ನುತ್ತಾರೆ. ಎರಡರ ಅರ್ಥವೂ ‘ಬರುತ್ತೇನೆ’ ಎಂದೇ. ಇದೊಂದು ಮಾತನ್ನು ಮಾತ್ರ ಅಲ್ಲಿ ಹೊಸದಾಗಿ ಕಲಿಯಬೇಕಾಗಿಲ್ಲ.