ಮುಚ್ಚದ ಗುಂಡಿ

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳನ್ನು ಹಾದು ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೋಗುವ ಹಾದಿಯು ಅರವತ್ತು ಕಿಲೋಮೀಟರುಗಳ ಆಸುಪಾಸಿನದಾದರೂ, ಅಷ್ಟರೊಳಗೆ ಭೂಮಿಯು ತನ್ನ ಗುಣವನ್ನು ಬದಲಿಸಿಕೊಳ್ಳುವ ಪರಿಯನ್ನು ಬಾಲ್ಯದಿಂದ ನೋಡುತ್ತ ಬಂದಿದ್ದ ನನಗೆ ಅದರ ಅರ್ಥ ತಿಳಿದದ್ದು ಒಂದು ಬೆಳೆಯನ್ನು ಪೂರ್ತಿಯಾಗಿ ಕಳೆದುಕೊಂಡ ತರುವಾಯವೇ. ನಮ್ಮ ಜಮೀನು ಬಾಣಾವರದ ಕಡೆಯದು. ಘಟ್ಟದ ಮಳೆಯ ಮರೆಯಲ್ಲಿರುವ ಈ ಸೀಮೆಗೆ ವರ್ಷಕ್ಕೆ ಏಳುನೂರು ಮಿಲಿಮೀಟರಿನಷ್ಟು ಮಳೆಯಾದರೆ ಅದೇ ಸುಭಿಕ್ಷ. ರಾಗಿ, ಹುರುಳಿ, ತೆಂಗುಗಳೇ ನಮ್ಮ ಜೀವನಾಧಾರ.

ಹಳೇಬೀಡಿನ ಸಮೀಪದಲ್ಲಿರುವ ಸೋದರಮಾವನ ಮನೆಗೆ ಒಂದು ಆಷಾಢದಲ್ಲಿ ಹೋಗಿದ್ದಾಗ, ಸಾಲುಸಾಲಾಗಿ ಹೂವಿಟ್ಟು ನಿಂತಿದ್ದ ಅವರ ಆಲೂಗೆಡ್ಡೆಯ ಹೊಲವನ್ನು ಕಂಡು, ಆ ಮಣ್ಣೂ ನಮ್ಮ ಮಣ್ಣಿನಂತೆಯೇ ಕೆಂಪಗಿರುವುದರಿಂದ ನಮ್ಮಲ್ಲಿಯೂ ಅದೇ ಬೆಳೆ ಅದೇ ರೀತಿಯಲ್ಲಿ ಬಂದೀತೆಂದು ನಂಬಿದೆನು. ಮರುವರ್ಷ ಕೃತ್ತಿಕೆ ಮಳೆಯ ಹದದಲ್ಲಿ ಎರಡು ಎಕರೆಗೆ ಕುಫ್ರಿ ಜ್ಯೋತಿಯ ಬಿತ್ತನೆಗೆಡ್ಡೆಯನ್ನು ಸಾಲ ಮಾಡಿ ತಂದು ನೆಟ್ಟೆನು. ಗಿಡ ಚೆನ್ನಾಗಿಯೇ ಎದ್ದಿತು. ಗೆಡ್ಡೆ ಕಟ್ಟುವ ಹೊತ್ತಿಗೆ ಹದಿನೆಂಟು ದಿನ ಮಳೆ ಕೈಕೊಟ್ಟಿತು. ಬೆಳಗ್ಗೆ ಎಲೆ ಬಿಚ್ಚಿಕೊಂಡಿರುತ್ತಿದ್ದ ಗಿಡಗಳು ಹನ್ನೊಂದು ಗಂಟೆಗೆಲ್ಲ ತಲೆ ಬಾಗಿಸುತ್ತಿದ್ದವು. ಕೊನೆಗೆ ಅಗೆದಾಗ ಸಿಕ್ಕಿದ್ದು ನೆಲ್ಲಿಕಾಯಿಯ ಗಾತ್ರದ ಗೆಡ್ಡೆಗಳು. ಅವೇ ದಿನಗಳಲ್ಲಿ ಮಾವನ ಹೊಲದ ಮೇಲೂ ಮಳೆ ಬಿದ್ದಿರಲಿಲ್ಲವಾದರೂ ಅಲ್ಲಿಯ ಬೆಳೆ ಮಾತ್ರ ಉಳಿದುಕೊಂಡಿತ್ತು.

ಸುದ್ದಿ ತಿಳಿದು ಬಂದ ಮಾವ ಸಮಾಧಾನದ ಮಾತಾಡುವ ಮುನ್ನವೇ ಗುದ್ದಲಿ ಕೇಳಿದರು. ಹೊಲದ ನಡುವೆ ಗೇಣುದ್ದ ಅಗೆಯುವಷ್ಟರಲ್ಲಿ ಗುದ್ದಲಿ ಕಣಕಣವೆಂದಿತು. ಕೆಮ್ಮಣ್ಣಿನ ಆ ತೆಳುಪದರದ ಅಡಿಯಲ್ಲಿ ಬರಿಯ ಗರಸು, ಅದರ ಕೆಳಗೆ ಶಿಥಿಲವಾದ ಬಂಡೆ. ಮಾವ ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಅಂಗೈಗಳ ನಡುವೆ ಹೊಸೆದರು. ಬತ್ತಿಯಾಗುವ ಮೊದಲೇ ಅದು ಉದುರಿಹೋಯಿತು.

"ಅಳಿಯಾ, ನೀನು ಗಿಡ ನೋಡ್ದೆ. ಗಿಡದ ಕೆಳಗೇನೈತೆ ಅಂತ ನೋಡ್ಲಿಲ್ಲ" ಎಂದರು.

"ಬಣ್ಣ ಒಂದೇ ಇತ್ತಲ್ಲ ಮಾವ" ಎಂದೆ.

"ಬಣ್ಣ ನೀರು ಹಿಡ್ಕೊಳ್ಳಲ್ಲ ಕಣಪ್ಪ."

ಮುಂದಿನ ವಾರ ಅವರ ಹೊಲದಲ್ಲಿಯೂ ಗುಂಡಿ ತೋಡಿ ನೋಡಿದೆವು. ಅಲ್ಲಿ ಸೊಂಟದಾಳದವರೆಗೂ ಮೆತ್ತನೆಯ ಗೋಡು. ಹೊಸೆದರೆ ಬತ್ತಿ ಮುರಿಯದೆ ನಿಲ್ಲುತ್ತಿತ್ತು. ನಮ್ಮ ಕಡೆಯ ಗ್ರಾನೈಟು ಜಾತಿಯ ಬಂಡೆಗಳು ಸವೆದು ಹುಟ್ಟುವ ಮಣ್ಣಿಗೆ ಕಬ್ಬಿಣದ ಅಂಶವು ಕೆಂಪನ್ನು ಕೊಡುತ್ತದೆಯೇ ಹೊರತು ಆಳವನ್ನು ಕೊಡುವುದಿಲ್ಲ. ಆಳವು ನೆಲದ ಇಳಿಜಾರಿಗೂ, ಕೊಚ್ಚಿಹೋದುದಕ್ಕೂ, ಬಂದು ನಿಂತುದಕ್ಕೂ ಸೇರಿದ ಮಾತು. ಬೇಲೂರಿನಿಂದ ಪಶ್ಚಿಮಕ್ಕೆ ಸರಿದರೆ ವಿಷಯವೇ ಬೇರೆ: ಅಲ್ಲಿ ಮಣ್ಣಿಗೆ ಆಳವುಂಟು, ಆದರೆ ಮಲೆನಾಡಿನ ಮಳೆಯು ಸುಣ್ಣದ ಅಂಶವನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುವುದರಿಂದ ಕಾಫಿತೋಟದವರು ಸುಣ್ಣ ಹಾಕಿ ಅದನ್ನು ಹದಕ್ಕೆ ತಂದುಕೊಳ್ಳುತ್ತಾರೆ.

ಆ ಬಳಿಕ ಮಣ್ಣು ಪರೀಕ್ಷೆ ಮಾಡಿಸಲು ಹೊರಟು ಅಲ್ಲಿಯೂ ಒಂದು ತಪ್ಪು ಮಾಡಿದೆನು. ತಿಪ್ಪೆಯ ಪಕ್ಕದ ಬದುವಿನಿಂದ ಒಂದೇ ಕಡೆ ಮಣ್ಣು ತೆಗೆದು ಕೊಟ್ಟದ್ದರಿಂದ ವರದಿಯು ನಮ್ಮ ಹೊಲವನ್ನು ಸಮೃದ್ಧವೆಂದು ತೋರಿಸಿತು. ಮರುವರ್ಷ, ಬದು, ತಿಪ್ಪೆ, ಮರದ ನೆರಳುಗಳನ್ನು ಬಿಟ್ಟು, ಹೊಲದ ಹತ್ತು ಕಡೆ ಆರಂಗುಲ ಆಳಕ್ಕೆ ಇಂಗ್ಲಿಷಿನ 'ವಿ' ಅಕ್ಷರದಂತೆ ಗುಳಿ ತೆಗೆದು, ಅದರ ಅಂಚಿನ ಮಣ್ಣನ್ನು ಮೇಲಿಂದ ಕೆಳತನಕ ಕೆರೆದು ಕೂಡಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಉಳಿಸಿಕೊಳ್ಳುತ್ತ ಅರ್ಧ ಕಿಲೋ ಆಗುವವರೆಗೆ ಇಳಿಸಿ ಕೊಟ್ಟೆನು. ಸಾವಯವ ಇಂಗಾಲ ಕಡಿಮೆ, ಸತು ಕಡಿಮೆ, ಬೋರಾನ್ ಕಡಿಮೆ ಎಂದು ಬಂತು. 2009ರಲ್ಲಿ ರಾಜ್ಯದಲ್ಲಿ ಆರಂಭವಾದ ಭೂಚೇತನ ಯೋಜನೆಯವರು ಮಳೆಯಾಶ್ರಿತ ಹೊಲಗಳಿಗೆ ಜಿಪ್ಸಂ, ಸತು, ಬೋರಾನುಗಳನ್ನು ಕೊಡಿರೆಂದು ಊರೂರಿಗೆ ಹೇಳುತ್ತಿದ್ದುದರ ಕಾರಣ ಆಗ ನನಗೆ ಮನದಟ್ಟಾಯಿತು.

ಪೋಷಕಾಂಶವನ್ನು ಚೀಲದಲ್ಲಿ ತರಬಹುದು. ನೀರು ಹಿಡಿಯುವ ಶಕ್ತಿಯನ್ನು ತರುವುದೆಲ್ಲಿಂದ? ಇದಕ್ಕೆ ಉತ್ತರ ನಮ್ಮ ಊರುಗಳ ಹೆಸರಿನಲ್ಲಿಯೇ ಇತ್ತು. ಅರಸೀಕೆರೆಯೆಂದರೆ ಅರಸಿಯ ಕೆರೆ; ಹಳೇಬೀಡಿನ ಪೂರ್ವನಾಮವಾದ ದೋರಸಮುದ್ರವೂ ಕೆರೆಯಿಂದಲೇ ಬಂದದ್ದು. 2023ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾನೂ ಎಲ್ಲರಂತೆ ಸಂತೋಷಪಟ್ಟೆನು. ಆ ಶಿಲ್ಪಿಗಳಿಗೆ ಅನ್ನವಿಕ್ಕಿದ ಕೆರೆಗಳನ್ನೂ ಜನ ನಿಂತು ನೋಡಬೇಕೆಂಬುದು ನನ್ನ ಮನಸ್ಸಿನ ಆಸೆ. ಬೇಸಗೆಯಲ್ಲಿ ಊರಕೆರೆ ಬತ್ತಿದಾಗ ಎಕರೆಗೆ ನಲವತ್ತು ಗಾಡಿಯಂತೆ ಕೆರೆಗೋಡನ್ನು ಹೊಡೆದು ಹರಡಿದೆವು. ನನ್ನ ಅಜ್ಜನ ಕಾಲದಲ್ಲಿ ಇದು ಪ್ರತಿವರ್ಷದ ಕೆಲಸ. ಗೊಬ್ಬರದ ಚೀಲ ಮನೆಬಾಗಿಲಿಗೆ ಬಂದಮೇಲೆ ನಿಂತುಹೋಗಿತ್ತು. ತೆಂಗಿನ ಸಾಲುಗಳ ನಡುವೆ ಕಾಲುವೆ ತೋಡಿ, ಸಿಪ್ಪೆಗಳನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಜೋಡಿಸಿ ಮುಚ್ಚಿದೆವು.

ಆಲೂಗೆಡ್ಡೆ ಸೋತ ಎರಡು ಎಕರೆಯಲ್ಲಿ ಈಗ ಮತ್ತೆ ರಾಗಿಯಿದೆ, ಅಕ್ಕಡಿಗೆ ಅವರೆಯೂ ತೊಗರಿಯೂ ಇವೆ. ಮಾವ ತೋಡಿದ ಗುಂಡಿಯನ್ನು ನಾನು ಮುಚ್ಚಿಸಲಿಲ್ಲ. ಕಾಲಿಡದಂತೆ ಸುತ್ತ ಕಲ್ಲಿಟ್ಟು, ಪ್ರತಿವರ್ಷ ಆರಿದ್ರೆ ಮಳೆ ಕಳೆದು ನಾಲ್ಕನೆಯ ದಿನ ಅದರೊಳಗಿಳಿದು, ಗೋಡೆಯನ್ನು ಒಂದಿಷ್ಟು ಕೆರೆದು, ಹಸಿಯು ಎಲ್ಲಿಯವರೆಗೆ ಉಳಿದಿದೆಯೆಂದು ನೋಡುತ್ತೇನೆ. ಮೊದಲ ವರ್ಷ ಅದು ನಾಲ್ಕು ಬೆರಳಿನಷ್ಟಿತ್ತು. ಈ ವರ್ಷ ಒಂದು ಗೇಣಿದೆ.