ಸಣ್ಣ ನೀರೆತ್ತುವ ಎಂಜಿನುಗಳಲ್ಲಿ ಎಣ್ಣೆಯ ಸೋರಿಕೆ ಮತ್ತು ಅದರ ನಿವಾರಣೋಪಾಯಗಳು

ಹಳ್ಳ, ಕೃಷಿಹೊಂಡ ಮತ್ತು ಆಳವಿಲ್ಲದ ಬಾವಿಗಳಿಂದ ನೀರೆತ್ತುವುದಕ್ಕಾಗಿ ಸಣ್ಣ ಪೆಟ್ರೋಲ್ ಎಂಜಿನುಗಳನ್ನು ರೈತರು ಉಪಯೋಗಿಸುತ್ತಿರುವುದು ಎಲ್ಲರೂ ಬಲ್ಲ ಸಂಗತಿಯೇ ಆಗಿದೆ. ಹೊಲದಿಂದ ಹೊಲಕ್ಕೆ ಸುಲಭವಾಗಿ ಸಾಗಿಸಬಹುದಾದ ಈ ಯಂತ್ರಗಳ ಅಡಿಯಲ್ಲಿ ಎಣ್ಣೆಯ ಕಲೆ ಕಾಣಿಸಿಕೊಂಡಾಗ, ಎಂಜಿನೆಂದ ಮೇಲೆ ಸೋರುವುದು ಸಹಜವೆಂದು ಸುಮ್ಮನಿರುವುದೂ, ಇಲ್ಲವೆ ಸಿಕ್ಕಿದ ಬೋಲ್ಟುಗಳನ್ನೆಲ್ಲ ಬಲವಾಗಿ ಬಿಗಿಯುವುದೂ ವಾಡಿಕೆ. ಇವೆರಡೂ ನಷ್ಟಕ್ಕೆ ದಾರಿಯಾಗುತ್ತವೆ. ಸೋರಿಕೆಯ ಮೂಲವನ್ನು ಮೊದಲು ಗೊತ್ತುಮಾಡಿಕೊಂಡು ಅನಂತರ ದುರಸ್ತಿಗೆ ಕೈಹಾಕತಕ್ಕದ್ದು.

೧. ಸೋರಿಕೆಯಿಂದಾಗುವ ಹಾನಿ

ಇಂತಹ ಎಂಜಿನುಗಳು ಹಿಡಿಯುವ ಎಣ್ಣೆಯು ಬಹು ಸ್ವಲ್ಪ. ಉದಾಹರಣೆಗೆ, ೧೬೩ ಘನ ಸೆಂಟಿಮೀಟರ್ ಗಾತ್ರದ ಹೋಂಡಾ ಜಿ.ಎಕ್ಸ್. ೧೬೦ ಎಂಜಿನಿಗೆ ಸುಮಾರು ೬೦೦ ಮಿಲಿಲೀಟರ್ ಎಣ್ಣೆ ಸಾಕು. ಇದರಲ್ಲಿ ೨೦೦ ಮಿಲಿಲೀಟರ್ ಸೋರಿಹೋದರೆ ಮೂರರಲ್ಲೊಂದು ಪಾಲು ಹೋದಂತಾಯಿತು. ಇದರಲ್ಲಿ ಎಣ್ಣೆಯನ್ನು ಒತ್ತಿ ಕಳುಹಿಸುವ ಪಂಪು ಇರುವುದಿಲ್ಲ. ಕನೆಕ್ಟಿಂಗ್ ರಾಡಿನ ತುದಿಯಲ್ಲಿರುವ ಸಣ್ಣ ನಾಲಿಗೆಯು ತಳದಲ್ಲಿರುವ ಎಣ್ಣೆಯನ್ನು ಎರಚಿ ಎಲ್ಲ ಭಾಗಗಳಿಗೂ ಮುಟ್ಟಿಸುತ್ತದೆ. ಎಣ್ಣೆಯ ಮಟ್ಟವು ಆ ನಾಲಿಗೆಗೆ ನಿಲುಕದಷ್ಟು ಇಳಿದರೆ, ರಾಡು ಕಾದು ಶಾಫ್ಟನ್ನು ಕಚ್ಚಿಕೊಳ್ಳುವುದು. ಪೈರಿಗೆ ನೀರು ಅತ್ಯಗತ್ಯವಾದ ವಾರದಲ್ಲಿ ಹೀಗಾದರೆ, ಯಂತ್ರದ ವೆಚ್ಚಕ್ಕಿಂತಲೂ ಬೆಳೆಯ ನಷ್ಟವೇ ಹೆಚ್ಚಾದೀತು. ಮಟ್ಟ ಇಳಿದಾಗ ತಾನಾಗಿ ನಿಲ್ಲುವ ಏರ್ಪಾಡು ಕೆಲವು ಎಂಜಿನುಗಳಲ್ಲಿ ಮಾತ್ರ ಉಂಟು. ಎಲ್ಲದರಲ್ಲಿಯೂ ಇದೆಯೆಂದು ನಂಬಬಾರದು.

೨. ಬಿಚ್ಚುವುದಕ್ಕೆ ಮೊದಲು ನೋಡತಕ್ಕ ಮೂರು ಸಂಗತಿಗಳು

ಯಾವ ಭಾಗವೂ ಕೆಡದೆ ಇದ್ದರೂ ಎಣ್ಣೆ ಹೊರಬರುವುದುಂಟು. ಆದಕಾರಣ ಈ ಕೆಳಗಿನವುಗಳನ್ನು ಮೊದಲು ಪರೀಕ್ಷಿಸಬೇಕು.

(ಅ) ಎಣ್ಣೆ ಅತಿಯಾಗಿರುವುದು. ಎಂಜಿನನ್ನು ಸಮತಟ್ಟಾದ ನೆಲದಲ್ಲಿಟ್ಟು, ಆರಿದ ಮೇಲೆ ಮಟ್ಟ ನೋಡತಕ್ಕದ್ದು. ಕಾಲುವೆಯ ಇಳಿಜಾರು ಏರಿಯ ಮೇಲಿಟ್ಟು ನೋಡಿದ ಮಟ್ಟವು ನಂಬಿಕೆಗೆ ಯೋಗ್ಯವಲ್ಲ. ಓರೆಯಾಗಿ ನಿಲ್ಲಿಸಿ ನಡೆಸಿದರೂ ಎಣ್ಣೆಯು ಗಾಳಿಶೋಧಕದ ಕಡೆಗೆ ಹರಿಯುವುದು.

(ಆ) ಎಣ್ಣೆಯಲ್ಲಿ ಪೆಟ್ರೋಲ್ ಬೆರೆತಿರುವುದು. ಎಣ್ಣೆ ಹಾಕದೆಯೇ ಮಟ್ಟ ಏರಿದ್ದು, ಎಣ್ಣೆಯು ನೀರಾಗಿ ಪೆಟ್ರೋಲಿನ ವಾಸನೆ ಬರುತ್ತಿದ್ದರೆ, ಕಾರ್ಬುರೇಟರಿನ ಸೂಜಿಯು ಸರಿಯಾಗಿ ಕೂಡದೆ ಇಂಧನವು ಒಳಗಿಳಿದಿದೆಯೆಂದು ತಿಳಿಯಬೇಕು. ಅಂತಹ ಎಂಜಿನನ್ನು ನಡೆಸಲೇಬಾರದು. ಸೂಜಿಯನ್ನು ಸರಿಪಡಿಸಿ, ಎಣ್ಣೆಯನ್ನು ಪೂರ್ತಿ ಬದಲಾಯಿಸತಕ್ಕದ್ದು. ಕೆಲಸ ಮುಗಿದೊಡನೆಯೂ, ಸಾಗಿಸುವಾಗಲೂ ಪೆಟ್ರೋಲಿನ ನಲ್ಲಿಯನ್ನು ಮುಚ್ಚುವ ಅಭ್ಯಾಸವಿದ್ದರೆ ಈ ತೊಂದರೆ ವಿರಳವಾಗುವುದು.

(ಇ) ಉಸಿರುನಾಳವು ಕಟ್ಟಿರುವುದು. ಪಿಸ್ಟನಿನ ಪಕ್ಕದಿಂದ ಸ್ವಲ್ಪ ಅನಿಲವು ಸದಾ ಕೆಳಗಿಳಿಯುತ್ತಿರುವುದು. ಅದು ಹೊರಹೋಗಲು ವಾಲ್ವ್ ಮುಚ್ಚಳದಿಂದ ಗಾಳಿಶೋಧಕದ ಕಡೆಗೆ ಒಂದು ರಬ್ಬರ್ ನಾಳವಿರುತ್ತದೆ. ಅದು ಕೊಳೆಯಿಂದ ಕಟ್ಟಿದರೆ ಅಥವಾ ಮಡಿಸಿಕೊಂಡರೆ, ಒಳಗಿನ ಒತ್ತಡ ಹೆಚ್ಚಿ, ಒಳ್ಳೆಯ ಸೀಲುಗಳ ಸಂದಿನಿಂದಲೂ ಎಣ್ಣೆಯನ್ನು ಹೊರದೂಡುವುದು. ಹೊಸ ಸೀಲು ಹಾಕಿಸಿದ ಕೆಲವೇ ದಿನಗಳಲ್ಲಿ ಪುನಃ ಸೋರಲು ಇದೊಂದು ಮುಖ್ಯ ಕಾರಣ.

೩. ಸೋರುವ ಸ್ಥಳವನ್ನು ಗೊತ್ತುಮಾಡುವ ಕ್ರಮ

ತಣ್ಣಗಾದ ಎಂಜಿನನ್ನು ಸೀಮೆಎಣ್ಣೆ ಮತ್ತು ಕುಂಚದಿಂದ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ಣವಾಗಿ ಒಣಗಿಸಬೇಕು. ಈ ಸಮಯದಲ್ಲಿ ಬೀಡಿ, ದೀಪಗಳು ಹತ್ತಿರವಿರಕೂಡದು. ಸಂಶಯವಿರುವ ಜೋಡಣೆಗಳ ಮೇಲೆ ಮುಖಕ್ಕೆ ಹಚ್ಚುವ ಬಿಳಿಯ ಪೌಡರನ್ನು ತೆಳುವಾಗಿ ಉದುರಿಸಿ, ಹದಿನೈದು ನಿಮಿಷ ನಡೆಸಿ ನಿಲ್ಲಿಸಿ ನೋಡಬೇಕು. ಪುಡಿ ನೆನೆದಿರುವ ಸ್ಥಳಗಳಲ್ಲಿ ಅತ್ಯಂತ ಮೇಲಿನದೇ ಸಾಮಾನ್ಯವಾಗಿ ಮೂಲ; ಕೆಳಗಿನ ತೇವವೆಲ್ಲ ಅಲ್ಲಿಂದ ಹರಿದು ಬಂದುದು. ಸ್ಕೂಟರಿನ ಸಣ್ಣ ಎಂಜಿನಿಗೂ ಇದೇ ಪರೀಕ್ಷೆ ಸಲ್ಲುವುದು. ಹೊರಗೆ ಎಲ್ಲಿಯೂ ತೇವವಿಲ್ಲದೆ ಮಟ್ಟ ಇಳಿಯುತ್ತಿದ್ದು, ಹೊಗೆ ನೀಲಿಯಾಗಿದ್ದರೆ, ಎಣ್ಣೆ ಒಳಗೇ ಸುಡುತ್ತಿದೆಯೆಂದರ್ಥ.

೪. ದುರಸ್ತಿ

ತಳದ ಬೋಲ್ಟು: ಎಣ್ಣೆ ಬದಲಾಯಿಸಿದಾಗಲೆಲ್ಲ ಇದರ ವಾಷರನ್ನು ಹೊಸದಾಗಿ ಹಾಕುವುದು ಲೇಸು. ಎಂಜಿನಿನ ಒಡಲು ಅಲ್ಯೂಮಿನಿಯಮ್ ಆದುದರಿಂದ ಅತಿಯಾಗಿ ಬಿಗಿದರೆ ಮರೆಯು ಸವೆದು, ಅಲ್ಪ ದೋಷವು ದೊಡ್ಡ ದುರಸ್ತಿಯಾಗುವುದು.

ಮುಚ್ಚಳಗಳು: ಹಳೆಯ ಗ್ಯಾಸ್ಕೆಟನ್ನು ಮರದ ಚಕ್ಕೆಯಿಂದ ಕೆರೆದು ತೆಗೆಯಬೇಕೇ ಹೊರತು ಉಳಿಯಿಂದಲ್ಲ. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತುಗಳಲ್ಲಿ, ಸಮನಾಗಿ ಬಿಗಿಯತಕ್ಕದ್ದು. ಅಂಟನ್ನು ದಪ್ಪವಾಗಿ ಬಳಿದರೆ ಅದರ ತುಣುಕುಗಳು ಒಳಗೆ ಬಿದ್ದು ಎಣ್ಣೆಯ ದಾರಿಯನ್ನು ಮುಚ್ಚುವುವು.

ಶಾಫ್ಟಿನ ಆಯಿಲ್ ಸೀಲ್: ಎಂಜಿನ್ ಮತ್ತು ಪಂಪು ಕೂಡುವ ಸ್ಥಳದಲ್ಲಿ ತೇವ ಕಂಡರೆ ಅದು ಎಣ್ಣೆಯೋ ನೀರೋ ಎಂದು ಮೊದಲು ನೋಡಬೇಕು; ನೀರಾದರೆ ದೋಷವು ಪಂಪಿನ ಸೀಲಿನದು. ಎಣ್ಣೆಯಾದರೆ, ಪಂಪನ್ನು ಬಿಚ್ಚಿ ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಸುರುಳಿ ತಂತಿಯಿರುವ ಮುಖವು ಎಣ್ಣೆಯ ಕಡೆಗೆ ಬರುವಂತೆ, ಓರೆಯಾಗದ ಹಾಗೆ ಕೂಡಿಸಬೇಕು. ಶಾಫ್ಟಿನ ಮೇಲೆ ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಈ ಕೆಲಸವನ್ನು ಅನುಭವಿಯಾದ ಕುಶಲಕರ್ಮಿಗೆ ಒಪ್ಪಿಸುವುದೇ ಉತ್ತಮ.

೫. ಹಳೆಯ ಎಣ್ಣೆ ಮತ್ತು ಲೆಕ್ಕದ ಪುಸ್ತಕ

ಬಾವಿಯ ದಡದಲ್ಲಿ ಸೋರಿದ ಎಣ್ಣೆಯು ಮಳೆಯೊಡನೆ ಬಾವಿಗೇ ಸೇರುವುದು. ಜನರೂ ದನಗಳೂ ಕುಡಿಯುವ ನೀರು ಹಾಗೆ ಕೆಡಬಾರದು. ಯಂತ್ರದ ಕೆಳಗೆ ಒಂದು ತಗಡಿನ ತಟ್ಟೆಯನ್ನಿಡಬೇಕು. ೨೦೧೬ನೆಯ ವರ್ಷದ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದನ್ನು ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡತಕ್ಕದ್ದು.

ಹಲವರು ಸೇರಿ ಉಪಯೋಗಿಸುವ ಎಂಜಿನು ಬೇಗ ಕೆಡುವುದು, ಮಟ್ಟ ನೋಡುವುದು ಯಾರ ಹೊಣೆಯೂ ಆಗದಿರುವುದರಿಂದ. ಗ್ರಾಮದ ಮುಖಂಡರು ಅಂತಹ ಪ್ರತಿ ಯಂತ್ರದೊಡನೆ ಒಂದು ಸಣ್ಣ ಪುಸ್ತಕವನ್ನಿಡಿಸಿ, ನಡೆದ ಗಂಟೆಗಳನ್ನೂ ಹಾಕಿದ ಎಣ್ಣೆಯನ್ನೂ ಬರೆಯಿಸಬೇಕು. ಮೇಲೆ ಹೇಳಿದ ಎಂಜಿನಿಗೆ ಮೊದಲನೆಯ ಸಲ ೨೦ ಗಂಟೆಗಳಾದ ಮೇಲೂ, ಅನಂತರ ೧೦೦ ಗಂಟೆಗಳಿಗೊಮ್ಮೆಯೂ ಎಣ್ಣೆ ಬದಲಾಯಿಸತಕ್ಕದ್ದು. ಈ ನಡುವೆ ಹಾಕಬೇಕಾದ ಎಣ್ಣೆಯ ಪ್ರಮಾಣವು ವಾರದಿಂದ ವಾರಕ್ಕೆ ಏರುತ್ತಿದ್ದರೆ, ನೆಲದ ಮೇಲೆ ಕಲೆ ಕಾಣುವುದಕ್ಕೆ ಮುಂಚೆಯೇ ಆ ಪುಸ್ತಕವು ದೋಷವನ್ನು ತಿಳಿಸುವುದು. ದಿನವೂ ಎಂಜಿನನ್ನು ನಡೆಸುವುದಕ್ಕೆ ಮೊದಲು ಮಟ್ಟ ನೋಡುವ ಒಂದು ನಿಮಿಷದ ಶ್ರಮವು ಯಂತ್ರವನ್ನೂ ಬೆಳೆಯನ್ನೂ ಕಾಪಾಡುವುದು.